ಬಂಟನ ನಾತ ಹೋದ ಕತೆ

ಬಹಳ ಹಿಂದೆ, ನಾಯಿಗಳಿಗೂ ಅರಮನೆಯಲ್ಲಿ ಹುದ್ದೆ ಇದ್ದ ಕಾಲದಲ್ಲಿ, ಕೇದಗೆಪುರ ಎಂಬ ಒಂದು ರಾಜ್ಯವಿತ್ತು. ಅಲ್ಲಿಯವರಿಗೆ ಪರಿಮಳ ಅಂದರೆ ಪ್ರಾಣ. ಹುಟ್ಟಿದ ಮಕ್ಕಳಿಗೆಲ್ಲ ಹೂವಿನ ಹೆಸರೋ ಘಮಘಮಿಸುವ ಎಲೆಯ ಹೆಸರೋ ಇಡುತ್ತಿದ್ದರು. ರಾಜನ ಹೆಸರು ಪಾರಿಜಾತರಾಯ, ಮಂತ್ರಿಯ ಹೆಸರು ದವನಯ್ಯ, ರಾಜನ ಒಬ್ಬಳೇ ಮಗಳ ಹೆಸರು ಸುರಗಿ. ಬೆಳಗಾದರೆ ಊರಿಗೆ ಊರೇ ಗಂಧದ ನೀರಿನಲ್ಲಿ ಮೀಯುತ್ತಿತ್ತು. ಮಿಂದ ಮೇಲೆ ಯಾರೂ ಮೈ ಒರೆಸಿಕೊಳ್ಳುತ್ತಿರಲಿಲ್ಲ. ಮೈಮೇಲಿನ ಪರಿಮಳವನ್ನು ಬಟ್ಟೆಗೆ ಒರೆಸಿಬಿಡುವುದು ಅಪಶಕುನವೆಂದು ಅವರ ನಂಬಿಕೆ. ಹಾಗಾಗಿ ಮಧ್ಯಾಹ್ನದವರೆಗೂ ಎಲ್ಲರ ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅರ್ಧ ಊರಿಗೆ ಸದಾ ನೆಗಡಿ. ಯಾಕೆಂದು ಕೇಳಿದರೆ, ನಮ್ಮೂರ ಹವೆ ಸರಿಯಿಲ್ಲ ಅನ್ನುತ್ತಿದ್ದರು.

ಅರಮನೆಯ ನಾಯಿಗೆ ಮಾತ್ರ ಹೂವಿನ ಹೆಸರಿರಲಿಲ್ಲ. ಅವನ ಹೆಸರು ಬಂಟ. ಹೆಬ್ಬಾಗಿಲ ಹೊಸ್ತಿಲು ಕಾಯುವುದು ಅವನ ಹುದ್ದೆ. ವರ್ಷಕ್ಕೊಮ್ಮೆ ಹೊಸ್ತಿಲ ಹಬ್ಬ ಬರುತ್ತಿತ್ತು. ಆ ದಿನ ಮೊದಲು ಹೊಸ್ತಿಲು ದಾಟಿದ ಅತಿಥಿ ಏನು ಕೇಳಿದರೂ ರಾಜ ಇಲ್ಲ ಅನ್ನುವಂತಿಲ್ಲ. ಇಂಥ ಅಪಾಯದ ಪದ್ಧತಿಯನ್ನು ಯಾವ ಪುಣ್ಯಾತ್ಮ ಮಾಡಿದನೋ ಕಾಣೆ, ಬಾಗಿಲಲ್ಲಿ ನಾಯಿಯನ್ನು ಕೂರಿಸುವಷ್ಟು ಬುದ್ಧಿಯಾದರೂ ಅವನಿಗಿತ್ತು. ಬಂಟ ಮೂಸಿ ಸುಮ್ಮನಿದ್ದರೆ ಅತಿಥಿ ಒಳಗೆ, ಬೊಗಳಿದರೆ ಹೊರಗೆ. ಮಾಟ ಮಾಡುವವರು ಎಂಥ ವೇಷದಲ್ಲಿ ಬಂದರೂ ಬಂಟನ ಮೂಗಿಗೆ ಸಿಕ್ಕಿಬೀಳುತ್ತಿದ್ದರು.

ಒಂದು ವರ್ಷ ಮಳೆ ನಿಂತ ಹೊಸತರಲ್ಲಿ ಮಕರಂದ ಎಂಬ ಸುಗಂಧದ ವ್ಯಾಪಾರಿ ಊರಿಗೆ ಬಂದು ಛತ್ರದಲ್ಲಿ ಇಳಿದುಕೊಂಡ. ಅರಮನೆಯ ಹತ್ತಿರ ಸುಳಿಯಲಿಲ್ಲ. ಮಂತ್ರಿ ದವನಯ್ಯನ ಕೈಲಿ ರಾಜನಿಗೊಂದು ಕಾಣಿಕೆ ಕಳಿಸಿದ. ಅದು ಹಸಿರು ಮಖಮಲ್ಲಿನ ಕೊರಳಪಟ್ಟಿ, ಸುತ್ತಲೂ ಮುತ್ತು. ರಾಜ ಮೆಚ್ಚಿ ತನ್ನ ಕೈಯಾರೆ ಅದನ್ನು ಬಂಟನ ಕೊರಳಿಗೆ ಕಟ್ಟಿದ. ರಾಜ ಕಟ್ಟಿದ್ದನ್ನು ರಾಜನೇ ಬಿಚ್ಚಬೇಕು, ಬೇರೆಯವರು ಬಿಚ್ಚಿದರೆ ಅವರು ಅರಮನೆ ಬಿಡಬೇಕು. ಅದೂ ಅಲ್ಲಿಯ ಪದ್ಧತಿಯೇ.

ಅಲ್ಲಿಂದಾಚೆಗೆ ಬಂಟನ ಮೈಯಿಂದ ನಾತ ಶುರುವಾಯಿತು. ಮೊದಲು ಒದ್ದೆ ಕಂಬಳಿಯ ವಾಸನೆ, ಆಮೇಲೆ ಹಳಸಿದ ಗಂಜಿಯ ವಾಸನೆ, ಆಮೇಲೆ ಹೆಸರಿಡಲಾಗದ ವಾಸನೆ. ಕೇದಗೆಪುರದವರಿಗೆ ಗೊತ್ತಿದ್ದ ಔಷಧಿ ಒಂದೇ. ಬಂಟನ ಮೇಲೆ ಪನ್ನೀರು ಸುರಿದರು. ನಾತ ಹೆಚ್ಚಾಯಿತು. ಗಂಧ ತೇದು ಬಳಿದರು. ಇನ್ನೂ ಹೆಚ್ಚಾಯಿತು. ಪುನುಗು ಹಚ್ಚಿದರು. ಆಗ ಆಸ್ಥಾನದವರು ಒಬ್ಬೊಬ್ಬರೇ ಹೊಟ್ಟೆನೋವಿನ ನೆಪ ಹೇಳಿ ಮನೆಗೆ ಹೋಗತೊಡಗಿದರು.

ಬಂಟ ಯಾರ ಹತ್ತಿರಕ್ಕೂ ಬರದೆ ಮೂಲೆ ಹಿಡಿದ. ಒಂದು ದಿನ ಸುರಗಿ ಕೈಚಾಚಿ ಕರೆದಳು. ಬಂಟ ಅವಳ ಕೈ ಮೂಸಿದ, ಮತ್ತೆ ಮೂಸಿದ, ಗುರುತು ಹತ್ತದೆ ತಲೆ ತಗ್ಗಿಸಿ ಹಿಂದೆ ಸರಿದ. ಮರಿಯಾಗಿದ್ದಾಗಿನಿಂದ ಅವಳ ಮಂಚದ ಕೆಳಗೆ ಮಲಗಿ ಬೆಳೆದ ನಾಯಿ ಅದು. ಸುರಗಿಗೆ ದುಃಖ ಉಕ್ಕಿಬಂತು. ತನ್ನ ಮೈಯ ನಾತವೇ ಮೂಗು ತುಂಬಿರುವಾಗ ಪಾಪದ್ದಕ್ಕೆ ಬೇರೆಯವರ ವಾಸನೆ ಹೇಗೆ ತಿಳಿಯಬೇಕು?

ಹೊಸ್ತಿಲ ಹಬ್ಬ ಹತ್ತಿರ ಬಂತು. ದವನಯ್ಯ ಮೂಗಿಗೆ ವಸ್ತ್ರ ಒತ್ತಿಕೊಂಡು ರಾಜನ ಮುಂದೆ ನಿಂತ.

"ಮಹಾಪ್ರಭು, ಈ ನಾಯಿ ಬಾಗಿಲಲ್ಲಿದ್ರೆ ಒಬ್ಬ ಅತಿಥಿನೂ ಬರಲ್ಲ. ಹೊಳೆಯಾಚೆ ಬಿಟ್ಟುಬಿಡೋಣ."

ಹೊಳೆಯಾಚೆ ಇದ್ದದ್ದು ತೋಳಗಳ ಬಯಲು. ಸುರಗಿ ಎದ್ದು ನಿಂತಳು.

"ಅಪ್ಪಾಜಿ, ನಾತ ಅಂದ್ಮೇಲೆ ಅದು ಎಲ್ಲಿಂದಲೋ ಬರ್ತಿರಬೇಕು. ಇಷ್ಟು ದಿನ ಎಲ್ಲರೂ ಅದರ ಮೇಲೆ ಸುರಿದದ್ದೇ ಆಯ್ತು, ಎಲ್ಲಿಂದ ಅಂತ ಯಾರೂ ಹುಡುಕಲಿಲ್ಲ. ನಾನು ಹುಡುಕ್ತೀನಿ."

"ಹಬ್ಬದ ಬೆಳಿಗ್ಗೆವರೆಗೆ ಸಮಯ ಕೊಟ್ಟಿದ್ದೀನಿ ಮಗಳೇ. ಅಷ್ಟರಲ್ಲಿ ನಾತ ಹೋಗಲಿಲ್ಲ ಅಂದ್ರೆ ಬಂಟ ಹೊಳೆಯಾಚೆಗೆ. ಆಮೇಲೆ ನನ್ನ ಹತ್ರ ಅಳಬಾರದು."

"ಅಳೋ ಪ್ರಸಂಗ ಬರಲ್ಲ ಅಪ್ಪಾಜಿ."

ಹಾಗೆಂದವಳೇ ಒಂದು ಸೀಸೆ ಗಂಧದೆಣ್ಣೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಬಂಟನನ್ನು ಕರೆದುಕೊಂಡು ಮಾತಿನ ಕಾಡಿಗೆ ಹೊರಟಳು. ಆ ಕಾಡಿನಲ್ಲಿ ಮೃಗಗಳೆಲ್ಲ ಮಾತಾಡುತ್ತಿದ್ದವು. ಮೂಗಿನ ವಿಷಯವನ್ನು ಗಂಧ ಬಳಿದುಕೊಳ್ಳದವರ ಹತ್ತಿರವೇ ಕೇಳಬೇಕೆಂದು ಅವಳ ಲೆಕ್ಕ.

ಕಾಡಿನ ಬಾಗಿಲಲ್ಲೇ ಒಂದು ಹುಲಿ ಅಡ್ಡ ಮಲಗಿತ್ತು. ಅದು ಬಾಯಿ ತೆರೆದರೆ ಸುತ್ತಲಿನ ಎಲೆ ಬಾಡುತ್ತಿತ್ತು.

"ನನ್ನ ನಾಯಿಗೆ ನಾತ ಹಿಡಿದಿದೆ, ಹುಲಿಯಣ್ಣ. ಕಾರಣ ಹುಡುಕ್ತಾ ಬಂದೆ. ದಾರಿ ಬಿಡು."

"ನನ್ನ ಬಾಯೇ ನಾರ್ತಾ ಇದೆ. ಮೊದಲು ಇದನ್ನ ಸರಿಮಾಡು. ಆಗಲಿಲ್ವೋ, ನಿನ್ನನ್ನೂ ತಿಂತೀನಿ, ನಿನ್ನ ನಾಯಿನೂ ತಿಂತೀನಿ."

ಹುಟ್ಟುಗುಣ ಎಲ್ಲಿಗೆ ಹೋಗಬೇಕು? ಸುರಗಿ ಸೀಸೆ ತೆಗೆದು ಹುಲಿಯ ಬಾಯಿಗೆ ಗಂಧದೆಣ್ಣೆ ಬಿಟ್ಟಳು. ಹುಲಿ ಮರಗಳೆಲ್ಲ ನಡುಗುವ ಹಾಗೆ ಸೀನಿತು.

"ಮೊದಲು ಒಂದು ನಾತ ಇತ್ತು, ಈಗ ಎರಡಾಯ್ತು. ಇನ್ನೊಂದೇ ಒಂದು ಸಲ ನೋಡ್ತೀನಿ, ಹುಡುಗಿ."

ಸುರಗಿಗೆ ನಾಚಿಕೆಯಾಯಿತು. ಅಪ್ಪನ ಮುಂದೆ ಅಷ್ಟು ದೊಡ್ಡದಾಗಿ ಮಾತಾಡಿ ಬಂದವಳು ತಾನೂ ಸುರಿದೇ ಬಿಟ್ಟಿದ್ದಳು. ಸೀಸೆಗೆ ಬಿರಡೆ ಹಾಕಿದಳು. ಹುಲಿಯ ಬಾಯೊಳಗೆ ಮೊಣಕೈಯವರೆಗೆ ಕೈ ಹಾಕಿ, ಹಲ್ಲು ಹಲ್ಲೂ ಮುಟ್ಟಿ ನೋಡಿದಳು. ದವಡೆಯ ಕೊನೆಯಲ್ಲಿ ಕಡವೆಯ ಎಲುಬಿನ ಚೂರು ಸಿಕ್ಕಿ ವಸಡು ಕೊಳೆತಿತ್ತು. ಚೂರು ಕಿತ್ತಳು, ಕೀವು ತೊಳೆದಳು. ಹುಲಿ ತನ್ನ ಉಸಿರನ್ನು ತಾನೇ ಮೂಸಿ ನೋಡಿ ಬಾಲ ಆಡಿಸಿತು. ತನ್ನದೊಂದು ಉಗುರು ಕಳಚಿ ಅವಳ ಕೈಗಿಟ್ಟಿತು.

"ಇದು ಮಂತ್ರ ಹಾಕಿದ್ದನ್ನೂ ಕತ್ತರಿಸುತ್ತೆ. ಇಟ್ಕೋ."

ಸುರಗಿ ಅಲ್ಲೇ ಕೂತು ಬಂಟನ ಬಾಯಿ ಬಿಡಿಸಿದಳು. ಹಲ್ಲೆಲ್ಲ ಬೆಳ್ಳಗಿತ್ತು. ನಾತ ಬಾಯಿಂದಲ್ಲ.

ಇನ್ನಷ್ಟು ಒಳಗೆ ಹೋದರೆ ಒಂದು ಕರಡಿ ತಲೆಯನ್ನು ಮರಕ್ಕೆ ಉಜ್ಜುತ್ತಿತ್ತು. ಜೇನು ಕದಿಯಲು ಹೋದಾಗ ಒಂದು ಹುಟ್ಟು ಕಿವಿಯೊಳಕ್ಕೇ ಒಡೆದಿತ್ತಂತೆ. ಜೇನಿಗೆ ಕೊಳೆ ಸೇರಿ, ಕೊಳೆಗೆ ಕೀವು ಸೇರಿ, ಆನೆಗಳೂ ಆ ದಾರಿ ಬಿಟ್ಟಿದ್ದವು.

"ಕಿವಿ ಸರಿಮಾಡಿದ್ರೆ ದಾರಿ. ನೋವು ಮಾಡಿದ್ರೆ ಅಪ್ಪಿ ಹಿಸುಕಿಬಿಡ್ತೀನಿ" ಅಂದಿತು ಕರಡಿ. ಹಿಸುಕಲು ಸುಲಭವಾಗಲೆಂದು ಮೊದಲೇ ಅವಳನ್ನು ಎರಡು ತೋಳಿನಲ್ಲಿ ಅಪ್ಪಿ ಹಿಡಿಯಿತು.

ಈ ಸಲ ಸುರಗಿ ಸೀಸೆ ಮುಟ್ಟಲಿಲ್ಲ. ಸೆರಗಿನ ಅಂಚು ಹರಿದು ಬೆರಳಿಗೆ ಸುತ್ತಿ, ಕೈಗೆಟಕುವಷ್ಟು ಹತ್ತಿರದಲ್ಲಿ ಬಿಸಿಲಿಗೆ ಬೆಚ್ಚಗಾಗಿದ್ದ ಹಳ್ಳದ ನೀರಿನಲ್ಲಿ ಅದ್ದಿ, ಕಿವಿಯ ಸುರುಳಿ ಸುರುಳಿಯನ್ನೂ ಒರೆಸಿದಳು. ಕರಡಿಯ ತೋಳು ಒಮ್ಮೆ ಬಿಗಿಯಾಯಿತು. ಅವಳು ಹೆದರಲಿಲ್ಲ.

"ಸ್ವಲ್ಪ ತಡ್ಕೋ ಕರಡಿಮಾಮ, ಕೊಳೆ ಬರ್ತಾ ಇದೆ."

ಬಟ್ಟೆ ಬೆಳ್ಳಗೆ ಬರುವವರೆಗೂ ಒರೆಸಿದಳು. ಕರಡಿ ಅಪ್ಪುಗೆ ಬಿಟ್ಟು, ಒಂದು ಅಂಟುವಾಳದ ಕಾಯಿ ಕೊಟ್ಟಿತು. ಎಷ್ಟು ತಿಕ್ಕಿದರೂ ಅದರ ನೊರೆ ಮುಗಿಯುತ್ತಿರಲಿಲ್ಲ.

ಸುರಗಿ ಬಂಟನ ಕಿವಿ ಮಡಿಸಿ ನೋಡಿದಳು. ಎರಡೂ ಕಿವಿ ಶುದ್ಧವಾಗಿದ್ದವು. ನಾತ ಕಿವಿಯಿಂದಲೂ ಅಲ್ಲ.

ಕಾಡಿನ ನಡುಮಧ್ಯದಲ್ಲಿ ಬಂಡೆಯ ಬುಡಕ್ಕೆ ಸುತ್ತಿಕೊಂಡು ಒಂದು ಮುದಿ ಹೆಬ್ಬಾವು ಬಿದ್ದಿತ್ತು. ಪೊರೆ ಬಿಟ್ಟಾಗ ಕತ್ತಿನ ಸುತ್ತ ಒಂದು ಪಟ್ಟಿಯಷ್ಟು ಬಿಡದೆ ಉಳಿದು, ಅದರ ಕೆಳಗೆ ನೀರು ನಿಂತು, ಚರ್ಮ ಕೊಳೆಯುತ್ತಿತ್ತು.

"ಬಿಡಿಸು ತಾಯಿ. ಹಸಿ ಚರ್ಮ ಹರಿದ್ರೆ ಮಾತ್ರ ನುಂಗಿಬಿಡ್ತೀನಿ."

ಸುರಗಿ ಸೀಸೆಯಲ್ಲಿದ್ದ ಗಂಧದೆಣ್ಣೆಯನ್ನು ನೆಲಕ್ಕೆ ಚೆಲ್ಲಿ, ಅದರಲ್ಲಿ ನೀರು ತುಂಬಿ ತಂದಳು. ಹನಿ ಹನಿಯಾಗಿ ನೆನೆಸಿ, ಅವಸರ ಮಾಡದೆ, ಪೊರೆಯನ್ನು ಕೂದಲೆಳೆಯಷ್ಟಷ್ಟೇ ಬಿಡಿಸಿದಳು. ಪೊರೆ ಪೂರ್ತಿ ಬಂದಾಗ ಹೆಬ್ಬಾವು ಹರಿದುಕೊಂಡು ಹೋಗಿ ಬಂಡೆಯ ಮೇಲೆ ಬಿಸಿಲಿಗೆ ಮೈ ಚಾಚಿತು.

"ಯಾಕೆ ಹೊರಟುಹೋದೆ? ಗಾಯಕ್ಕೆ ಏನಾದ್ರೂ ಹಚ್ಚಬೇಡವಾ?"

"ಇನ್ನು ಬೇಕಾಗಿರೋದು ಬಿಸಿಲು ಮಾತ್ರ. ಒದ್ದೆ ನಿಂತ ಕಡೆ ಮತ್ತೆ ಮತ್ತೆ ಕೊಳೆಯುತ್ತೆ. ನಿಮ್ಮೂರಲ್ಲಿ ಯಾರಿಗೂ ಗೊತ್ತಿಲ್ವಾ ಇದು?"

ಸುರಗಿ ತನ್ನ ಜಡೆ ಮುಟ್ಟಿ ನೋಡಿಕೊಂಡಳು. ಬೆಳಿಗ್ಗೆ ಮಿಂದ ನೀರು ಇನ್ನೂ ಆರಿರಲಿಲ್ಲ. ಹೆಬ್ಬಾವು ಬಂಡೆಯ ಸಂದಿಯಿಂದ ಹೊಳೆಯುವ ಹಳದಿ ಕಲ್ಲೊಂದನ್ನು ಅವಳತ್ತ ಉರುಳಿಸಿತು. ಅದು ಬಿಸಿಲುಕಲ್ಲು. ಅದರೊಳಗೆ ಒಂದು ಬೇಸಿಗೆಯಷ್ಟು ಬಿಸಿಲಿತ್ತು.

ಆಗ ಸುರಗಿಯ ಕಣ್ಣು ತಾನಾಗಿ ಬಂಟನ ಕತ್ತಿನ ಮೇಲೆ ಬಿತ್ತು. ಹಸಿರು ಮಖಮಲ್ಲು, ಸುತ್ತಲೂ ಮುತ್ತು. ಬಗ್ಗಿ ಮೂಸಿದಳು. ಕಣ್ಣಲ್ಲಿ ನೀರು ಬಂತು, ನಾತಕ್ಕೂ ಬಂತು, ಸಿಟ್ಟಿಗೂ ಬಂತು. ಇಷ್ಟು ದಿನ ಊರಿನವರು ಸುರಿದ ಪನ್ನೀರೆಲ್ಲ ಇಳಿದು ಇಳಿದು ನಿಂತದ್ದು ಅದರ ಅಡಿಯಲ್ಲೇ. ಪಟ್ಟಿ ಒಂದು ದಿನವೂ ಆರಿರಲಿಲ್ಲ.

ಅವಳು ಕೈ ಹಾಕುವುದೇ ತಡ, ಪಟ್ಟಿ ತಾನಾಗಿ ಬಿಗಿಯಿತು. ಬಂಟನ ನಾಲಿಗೆ ಹೊರಬಂತು. ಅಪ್ಪಾಜಿ ಕಟ್ಟಿದ್ದನ್ನು ತಾನು ತೆಗೆದರೆ ಅರಮನೆಯೇ ತಪ್ಪುತ್ತದೆ ಎಂಬುದು ಸುರಗಿಗೆ ನೆನಪಿತ್ತು. ನೆನಪಿದ್ದೇ ಹುಲಿಯ ಉಗುರು ಹಾಕಿ ಎಳೆದಳು. ಪಟ್ಟಿ ಪರ್ರನೆ ಹರಿದು ಬಿತ್ತು. ಅದರ ಒಳಪದರದಲ್ಲಿ ಜೌಗಿನ ಪಾಚಿ, ಜೀವವಿರುವ ಹಾಗೆ ಮಿಸುಕಾಡುತ್ತಿತ್ತು. ಹೆಬ್ಬಾವು ಅದನ್ನು ನೋಡಿ ತಲೆ ಹಿಂದಕ್ಕೆಳೆದುಕೊಂಡಿತು.

"ಇದು ಜೌಗಿನ ಮಾಟಗಾರ ಕಮಟಕನ ಪಾಚಿ. ಅವನೂ ಹೀಗೇ, ಆರಿದರೆ ಬದುಕಲ್ಲ."

ಸುರಗಿ ಅಂಟುವಾಳದ ನೊರೆಯಲ್ಲಿ ಬಂಟನ ಕತ್ತು ತೊಳೆದಳು, ಮೈಯೆಲ್ಲ ತೊಳೆದಳು. ಹಳ್ಳದ ನೀರು ಮೊದಲು ಕಪ್ಪಾಯಿತು, ಆಮೇಲೆ ತಿಳಿಯಾಯಿತು. ಉಳಿದ ಸೆರಗಿನಿಂದ, ಕೇದಗೆಪುರದವರು ಕಂಡರೆ ಎದೆ ಒಡೆದುಕೊಳ್ಳುವ ಹಾಗೆ, ಚೆನ್ನಾಗಿ ಒರೆಸಿದಳು. ಬಿಸಿಲುಕಲ್ಲನ್ನು ಹತ್ತಿರ ಹಿಡಿದು ಕೂದಲಿನ ಬುಡದವರೆಗೂ ಆರಿಸಿದಳು. ಬಂಟ ಮೈ ಕೊಡವಿ ಎದ್ದ. ಅವಳ ಕೈ ಮೂಸಿದ. ಮತ್ತೆ ಮೂಸಿದ. ಮರುಗಳಿಗೆ ಅವಳನ್ನು ನೆಲಕ್ಕೆ ಕೆಡವಿ ಮುಖವೆಲ್ಲ ನೆಕ್ಕಿದ. ಸುರಗಿಗೆ ಅಷ್ಟು ಸಂತೋಷ ಹಿಂದೆಂದೂ ಆಗಿರಲಿಲ್ಲ.

ಹರಿದ ಪಟ್ಟಿಯನ್ನು ಎಲೆಯಲ್ಲಿ ಸುತ್ತಿಕೊಂಡು ಅವಳು ಊರು ಮುಟ್ಟುವಾಗ ಹಬ್ಬದ ಬೆಳಿಗ್ಗೆಯಾಗಿತ್ತು. ಹೊಸ್ತಿಲ ಪಕ್ಕದಲ್ಲಿ ದವನಯ್ಯ ಒಂದು ಮರದ ನಾಯಿಯನ್ನು ನಿಲ್ಲಿಸಿ, ಅದಕ್ಕೆ ಗಂಧ ಬಳಿದು, ಬಹಳ ಚೆನ್ನಾಗಿದೆಯೆಂದು ತಾನೇ ಮೆಚ್ಚಿಕೊಳ್ಳುತ್ತಿದ್ದ. ಎದುರಿಗೆ ವ್ಯಾಪಾರಿ ಮಕರಂದ ಮೈಯೆಲ್ಲ ಪನ್ನೀರಿನಲ್ಲಿ ತೊಯ್ದು, ನಗುನಗುತ್ತ ಕಾಲೆತ್ತಿದ್ದ.

ಬಂಟ ನುಗ್ಗಿಬಂದು ಹೊಸ್ತಿಲ ಮೇಲೆ ಅಡ್ಡ ನಿಂತ. ವ್ಯಾಪಾರಿಯನ್ನು ಮೂಸಿದ. ಊರೆಲ್ಲ ಕೇಳುವ ಹಾಗೆ ಬೊಗಳಿದ.

"ಮಹಾಪ್ರಭು, ಈ ನಾಯಿಯ ಕೊರಳು ನೋಡಿ" ಅಂದ ವ್ಯಾಪಾರಿ, ಎತ್ತಿದ ಕಾಲನ್ನು ಮೆಲ್ಲಗೆ ಹಿಂದಕ್ಕಿಡುತ್ತ. "ತಾವು ಕಟ್ಟಿದ ಪಟ್ಟಿನ ಯಾರೋ ಕಿತ್ತುಹಾಕಿದಾರೆ. ಇಂಥ ಅಪಚಾರ ಆದ ಮೇಲೆ ಇದರ ಬೊಗಳಿಕೆಗೆ ಏನು ಬೆಲೆ?"

ರಾಜನ ಹುಬ್ಬು ಗಂಟಿಕ್ಕಿತು. "ಯಾರು ತೆಗೆದದ್ದು?"

"ನಾನೇ, ಅಪ್ಪಾಜಿ. ಅರಮನೆ ಬಿಡು ಅಂದ್ರೆ ಬಿಡ್ತೀನಿ. ಅದಕ್ಕೆ ಮುಂಚೆ ಒಂದು ಸಲ ಬಗ್ಗಿ ಬಂಟನ್ನ ಮೂಸಿ. ಆಮೇಲೆ ಇದನ್ನೂ ಮೂಸಿ."

ಕಿರೀಟ ಹೊತ್ತವನು ನಾಯಿಯ ಮುಂದೆ ಬಗ್ಗುವುದೆಂದರೆ ಸಣ್ಣ ವಿಷಯವಲ್ಲ. ಆದರೂ ಪಾರಿಜಾತರಾಯ ಮಂಡಿಯೂರಿ ಬಂಟನ ಕತ್ತಿಗೆ ಮೂಗು ತಾಗಿಸಿದ. ಒಣಗಿದ ಹುಲ್ಲಿನ ವಾಸನೆ, ಬಿಸಿಲಿನ ವಾಸನೆ. ಆಮೇಲೆ ಎಲೆ ಬಿಡಿಸಿ ಪಟ್ಟಿಯನ್ನು ಮೂಸಿದ. ಮುಖ ಕಿವಿಚಿಕೊಂಡು ಎದ್ದವನು ಮಗಳನ್ನು ನೋಡಿದ.

"ನಾನು ಕಟ್ಟಿದ್ದನ್ನ ನಾನೇ ಬಿಚ್ಚಬೇಕಿತ್ತು, ಮಗಳೇ. ನಾನು ಬಗ್ಗಿ ನೋಡಲೇ ಇಲ್ಲ. ನೀನೆಲ್ಲಿಗೂ ಹೋಗಬೇಕಾಗಿಲ್ಲ."

ವ್ಯಾಪಾರಿ ಓಡಲು ತಿರುಗಿದ. ಬಂಟ ಅವನ ಉತ್ತರೀಯ ಕಚ್ಚಿ ಹಿಡಿದ. ಸುರಗಿ ಬಿಸಿಲುಕಲ್ಲನ್ನು ಅಂಗೈಯಲ್ಲಿ ಎತ್ತಿ ಹಿಡಿದಳು. ಮೊದಲು ಪನ್ನೀರು ಆರಿತು, ಆಮೇಲೆ ವೇಷ ಆರಿತು, ಒಳಗಿದ್ದ ಕಮಟಕ ಹಸಿರಾಗಿ ಕಂಡ. ನೋಡನೋಡುತ್ತ ಅವನೂ ಆರಿ ಒಂದು ಹಿಡಿ ಒಣಪಾಚಿಯಾಗಿ ಉದುರಿದ. ದವನಯ್ಯನೇ ಪೊರಕೆ ತಂದು ಗುಡಿಸಿದ.

ಅಂದಿನಿಂದ ಕೇದಗೆಪುರದಲ್ಲಿ ಮಿಂದವರು ಮೈ ಒರೆಸಿಕೊಳ್ಳತೊಡಗಿದರು. ನೆಗಡಿಯೂ ಊರು ಬಿಟ್ಟಿತು. ಬಂಟನಿಗೆ ಬೇಕಾದಾಗ ಸ್ನಾನ, ಸ್ನಾನವಾದ ಮೇಲೆ ಬಿಸಿಲು, ಕೊರಳಿಗೆ ಏನೂ ಇಲ್ಲ. ರಾಜ, ಮಗಳು, ನಾಯಿ ಎಲ್ಲರೂ ಬಹುಕಾಲ ಸುಖವಾಗಿ ಬಾಳಿದರು.

ದವನಯ್ಯ ಮಾತ್ರ ಬಾಗಿಲು ದಾಟುವಾಗೆಲ್ಲ ಒಂದು ಗಳಿಗೆ ನಿಂತು ಮೂಗು ಅರಳಿಸುತ್ತಿದ್ದ.

"ತಾಯಿ, ಈಗಲೂ ಒಂಚೂರು ನಾಯಿವಾಸನೆ ಬರುತ್ತಲ್ಲ?"

"ಬರ್ಲಿ ಬಿಡಿ ದವನಯ್ಯನವರೇ" ಅನ್ನುತ್ತಿದ್ದಳು ಸುರಗಿ, ಬಂಟನ ಬರಿಯ ಕತ್ತು ತುರಿಸುತ್ತ. "ಅವನು ನಾಯಿ ಅಲ್ವಾ."