ಆಪಾ ‘ಆಗೂದಿಲ್ಲ’ ಅಂದಳು

“ಬಂತು ದಾದಿ, ಆಪಾನ ವಿಮಾನ ಬಂತು ನೋಡು.”

ಬೇನಜೀರ ಹುಬ್ಬಳ್ಳಿ ವಿಮಾನ ನಿಲ್ದಾಣದ ಗಾಜಿಗೆ ಮೂಗು ಒತ್ತಿ ನಿಂತಿದ್ದಳು. ಮಂಜಿನಿಂದಾಗಿ ಬೆಳಗಿನ ವಿಮಾನ ಹೊತ್ತು ವಾಲಿದ ಮೇಲೆ ಬಂದಿತ್ತು. ತಡವಾದರೇನು, ಅದರೊಳಗೆ ಅವಳ ಅಕ್ಕ ತರನ್ನುಮ ಇದ್ದಳು. ಆಪಾ ಅದರ ಏರ್ ಹೋಸ್ಟೆಸ್. ಅವಳ ನೌಕರಿಯಿಂದ ಸಿಕ್ಕ ಟಿಕೆಟ್ಟಿನಲ್ಲಿ ಬೇನಜೀರ, ಅಬ್ಬಾ, ಅಬ್ಬಾನ ತಾಯಿ ದಾದಿ ಮೂವರೂ ಹೈದರಾಬಾದಿಗೆ ಹೊರಟಿದ್ದರು. ವಿಮಾನ ಹತ್ತುವುದು ಮೂವರಿಗೂ ಇದೇ ಮೊದಲ ಸಲ.

“ಹಾರೂ ಮುಂದ ನಾ ಕಣ್ಣ ಮುಚ್ಚಿ ಕುಂದರ್ತೇನವ್ವ. ಇಳದ ಮ್ಯಾಲೆ ಎಬ್ಬಸು,” ಎಂದಳು ದಾದಿ ಕುಲ್ಸುಮಬಿ.

ಬೇನಜೀರ ನಗುವಷ್ಟರಲ್ಲಿ ಮೈಕು ಮಾತಾಡಿತು. “ಸಿಬ್ಬಂದಿಯ ಡ್ಯೂಟಿ ಟೈಮ್ ಮುಗಿದಿರುವುದರಿಂದ ಈ ವಿಮಾನ ನಾಳೆ ಮಧ್ಯಾಹ್ನ ಹೊರಡಲಿದೆ.”

ಕುಳಿತವರೆಲ್ಲ ಎದ್ದರು. ರಾಣೆಬೆನ್ನೂರಿನ ಬೀಜದ ವ್ಯಾಪಾರಿ ಶಶಿಕಾಂತ ಕೌಂಟರಿಗೆ ನುಗ್ಗಿದರು. “ಗಂಟಿ ಬಾರಿಸಿದ ಕೂಡ್ಲೆ ಮನೀಗೆ ಓಡಾಕ ಇದೇನು ಸಾಲಿ ಐತೇನ್ರಿ? ನಾ ಅಂಗಡ್ಯಾಗ ಹಗಲಿಲ್ಲ ರಾತ್ರಿಲ್ಲ ನಿಂದರ್ತೇನಿ.”

ಕೌಂಟರಿನ ಪ್ರವೀಣಕುಮಾರ ಬೆವರು ಒರೆಸಿಕೊಂಡ. “ಅವರು ಕತ್ತಲಿದ್ದಾಗ ಡ್ಯೂಟಿಗೆ ಹತ್ಯಾರ್ರಿ ಸರ್. ಇನ್ನೊಂದೀಟು ಹೊತ್ತು ಹೆಚ್ಚು ಮಾಡಾಕ ಬರತೈತಿ, ಆದ್ರ ಎಲ್ಲಾರೂ ಹೂಂ ಅನಬೇಕು. ಒಬ್ಬರು ಆಗೂದಿಲ್ಲ ಅಂದಾರ.”

“ಯಾರ್ರಿ ಆ ಮಹಾಶಯರು?”

ಅಷ್ಟರಲ್ಲಿ ಸಿಬ್ಬಂದಿ ಬ್ಯಾಗು ಎಳೆಯುತ್ತ ಬಂದರು. ಬೇನಜೀರ ಓಡಿ ಹೋಗಿ ಅಕ್ಕನ ಕೈ ಹಿಡಿದಳು.

“ಆಪಾ, ಆಗೂದಿಲ್ಲ ಅಂದಾವರು ಯಾರು? ಹೆಸರು ಹೇಳು, ಅಬ್ಬಾ ಕೇಳ್ತಾರ ಅವರನ್ನ.”

“ನಾನ,” ಎಂದಳು ಆಪಾ.

ಬೇನಜೀರ ಕೈ ಬಿಟ್ಟಳು. “ನಾ ಓಣಿಗೆಲ್ಲಾ ಹೇಳಿ ಬಂದೇನಿ. ಒಂದು ಹೂಂ ಅನ್ನಾಕ ನಿಂಗೇನಾಗಿತ್ತು? ನೀರು ಕೊಡೂದು, ಚಾ ಕೊಡೂದು. ಅಷ್ಟ ಅಲ್ಲೇನು ನಿನ್ನ ಕೆಲಸ?”

ಆಪಾ ಅಲ್ಲೇ ಕುರ್ಚಿಯಲ್ಲಿ ಕುಸಿದಳು. ಕಾಡಿಗೆಯ ನಡುವೆ ಕಣ್ಣು ಕೆಂಪಗಾಗಿದ್ದವು.

“ಚಾ ನಿದ್ದಿಗಣ್ಣಾಗೂ ಕೊಡಬಹುದು ಬೇನೂ. ವಿಮಾನಕ್ಕ ಬೆಂಕಿ ಹತ್ತಿದ್ರ ಬಾಗಲಾ ತಗದು ಎಲ್ಲಾರನ್ನೂ ಹೊರಗ ದಾಟಸಾಕ ನಾವಿರೂದು. ಹಿಂದಿನ ಬಾಗಲಾ ನಂದು. ಏರೂ ಮುಂದ, ಇಳಿಯೂ ಮುಂದ, ಅದನ್ನ ಹೆಂಗ ತಗಿಯೂದು ಅಂತ ಮನಸಿನ್ಯಾಗ ಹೇಳ್ಕೋತೇನಿ. ಇವತ್ತ ಇಳಿಯೂ ಮುಂದ ಹೇಳ್ಕೋತ ಹೇಳ್ಕೋತ ನಡುವ ಮರತಬಿಟ್ಟೆ.”

ಅಬ್ಬಾ ಅಲ್ಲಾಬಕ್ಷ ಬ್ಯಾಡಗಿಯ ಮೆಣಸಿನಕಾಯಿ ಯಾರ್ಡಿನಲ್ಲಿ ಹಮಾಲರು. ಅವರು ದನಿ ತಗ್ಗಿಸಿ ಕೇಳಿದರು, “ಆಗೂದಿಲ್ಲ ಅಂದ್ರ ಕೆಲಸದಿಂದ ತಗ್ಯಾಂಗಿಲ್ಲೇನವ್ವ?”

“ಕಾನೂನು ಐತಿ ಅಬ್ಬಾ. ಆದ್ರೂ ಹೇಳೂ ಮುಂದ ನಂಗೂ ಇದ ಅಂಜಿಕಿ ಇತ್ತು.”

ಅಬ್ಬಾ ಮಗಳ ತಲೆಯ ಮೇಲೆ ಕೈಯಿಟ್ಟರು. ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ಆಪಾ ಮಲಗಲು ಹೋಟೆಲಿಗೆ ಹೋದಳು. ಇವರು ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಬೇನಜೀರ ಮುಖ ಊದಿಸಿಕೊಂಡೇ ಕುಳಿತಿದ್ದಳು.

ಬ್ಯಾಡಗಿಯ ಓಣಿಯ ಬಾಯಲ್ಲೇ ಮಧು ಸಿಕ್ಕ. ಹಿಂದೆ ನಾಲ್ಕಾರು ಹುಡುಗರು.

“ಭಾಳ ಲಗೂ ಬಂದೆಲ್ಲ ಬೇನಜೀರ? ನಿಮ್ಮ ವಿಮಾನ ಇಲ್ಲೇ ಮಗ್ಗಲಿನ ಮೋಟೆಬೆನ್ನೂರನೂ ದಾಟಲಿಲ್ಲೇನು?”

ಹುಡುಗರು ಹೊಟ್ಟೆ ಹಿಡಿದು ನಕ್ಕರು. ಬೇನಜೀರಳ ನಾಲಿಗೆಯ ತುದಿಗೆ ಸುಳ್ಳುಗಳು ಬಂದು ಕುಳಿತವು. ಇಂಜಿನ್ ಕೆಟ್ಟಿತು ಅನ್ನಲೇ? ಬಿರುಗಾಳಿ ಅನ್ನಲೇ?

“ನಮ್ಮ ಆಪಾಗ ನಿದ್ದಿ ಆಗಿರಲಿಲ್ಲ. ಆಗೂದಿಲ್ಲ ಅಂದ್ಲು,” ಎಂದಳು.

“ನಿದ್ದಿ ಇಲ್ಲಂದ್ರ ವಿಮಾನ ನಿಂದ್ರಸ್ತಾರೇನು?”

“ಹೌದು, ನಿಂದ್ರಸ್ತಾರ. ಕಾನೂನು ಐತಿ.”

ಮಧುವಿನ ನಗು ಅರ್ಧಕ್ಕೆ ನಿಂತಿತು. ಅವನ ಅಪ್ಪ ಮೆಣಸಿನಕಾಯಿ ಲಾರಿ ಓಡಿಸುತ್ತಿದ್ದರು. “ನಮ್ಮಪ್ಪ ಹಂಗ ಅಂದ್ರ ಮಾಲಕರು ಬ್ಯಾರೆ ಡ್ರೈವರ್‌ನ ಹುಡುಕ್ತಾರ,” ಎಂದ.

ಹುಡುಗರು ಒಬ್ಬೊಬ್ಬರಾಗಿ ಮನೆಯತ್ತ ಹೊರಟರು.

ಮರುದಿನ ವಿಮಾನದ ಬಾಗಿಲು ಮುಚ್ಚಿತು. ಇಂಜಿನ್ ಗುಡುಗತೊಡಗಿದಾಗ ದಾದಿ ಹೇಳಿದ್ದಂತೆ ಕಣ್ಣು ಮುಚ್ಚಿದಳು. ಆಪಾ ಸೀಟುಗಳ ನಡುವೆ ನಿಂತು, ಬೆಲ್ಟ್ ಕಟ್ಟುವುದು ಹೇಗೆ, ಬಾಗಿಲು ಎಲ್ಲಿದೆ ಎಂದು ಕೈಮಾಡಿ ತೋರಿಸುತ್ತಿದ್ದಳು. ಅವಳ ಕಣ್ಣು ಇಂದು ಬೆಳ್ಳಗೆ ಹೊಳೆಯುತ್ತಿದ್ದವು. ನೋಡುವವರು ಮಾತ್ರ ಯಾರೂ ಇರಲಿಲ್ಲ. ಪಕ್ಕದ ಸಾಲಿನ ಶಶಿಕಾಂತ ಫೋನಿನಲ್ಲಿ ಮುಳುಗಿದ್ದರು.

ಬೇನಜೀರ ಕೈಚಾಚಿ ಅವರ ತೋಳು ಎಳೆದಳು. “ಕಾಕಾ, ಫೋನು ಒಳಗ ಇಡ್ರಿ. ನಮ್ಮಕ್ಕ ಬಾಗಲಾ ತೋರಸಾಕತ್ತಾಳ.”

ಶಶಿಕಾಂತ ಕಕ್ಕಾಬಿಕ್ಕಿಯಾಗಿ ಕತ್ತು ತಿರುಗಿಸಿದರು.

ವಿಮಾನ ಓಡಿತು. ಚಕ್ರ ನೆಲ ಬಿಟ್ಟವು. ಕಿಟಕಿಯಾಚೆ ಹುಬ್ಬಳ್ಳಿ ಸಣ್ಣದಾಗತೊಡಗಿತು. ಬೇನಜೀರ ಒಮ್ಮೆ ಹಿಂದಕ್ಕೆ ಬಾಗಿ ನೋಡಿದಳು. ಹಿಂದಿನ ಬಾಗಿಲ ಪಕ್ಕದ ಕೊನೆಯ ಸೀಟಿನಲ್ಲಿ ಆಪಾ ಬೆಲ್ಟ್ ಬಿಗಿದು ನೆಟ್ಟಗೆ ಕುಳಿತಿದ್ದಳು. ತುಟಿ ಮೆಲ್ಲಗೆ ಅಲ್ಲಾಡುತ್ತಿತ್ತು.

ಬೇನಜೀರ ಅವಳನ್ನು ಕರೆಯಲಿಲ್ಲ.