ಮಾಯುವ ರಸ್ತೆ

ಬೆಳಿಗ್ಗೆ ವಿದ್ಯುತ್ ಕಂಪನಿಯವರು ಸೀಳಿದ್ದ ರಸ್ತೆ ಊಟದ ಹೊತ್ತಿಗೆ ತಾನಾಗಿಯೇ ಕೂಡಿಕೊಂಡಿತ್ತು. ಶಿರಗುಂಡಿ ನಗರದ ಮಾರ್ಕೆಟ್ ಚೌಕದಲ್ಲಿ ಅದನ್ನು ನೋಡಲು ಜನ ಮುಗಿಬಿದ್ದಿದ್ದರು. ಡಾಂಬರಿನೊಳಗೆ ಮಲಗಿರುವ ಒಂದು ಜಾತಿಯ ಬ್ಯಾಕ್ಟೀರಿಯಾ ಗಾಳಿ, ತೇವ ತಗುಲಿದ ಕೂಡಲೇ ಎಚ್ಚೆತ್ತು ಸುಣ್ಣಕಲ್ಲು ಕಟ್ಟತೊಡಗುತ್ತದೆ. ಗುಂಡಿಗೆ ಮಣ್ಣು ತುಂಬಿ ಮೇಲೆ ಆ ಬ್ಯಾಕ್ಟೀರಿಯಾ ಬೆರೆಸಿದ ಡಾಂಬರು ಸುರಿದರೆ ಸಾಕು, ಗಾಯ ಮಾಯ್ದಂತೆ ರಸ್ತೆ ಮಾಯುತ್ತದೆ. ಇದನ್ನು ಕಂಡುಹಿಡಿದವಳು ಊರಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ಡಾ. ಫರೀದಾ ಬಾಗವಾನ.

ಗುಂಪಿನ ಹಿಂದೆ ನಿಂತಿದ್ದ ಜಲಮಂಡಳಿಯ ಮುಖ್ಯ ಎಂಜಿನಿಯರ್ ನೀಲಾಂಬಿಕಾ ಕುಬಸದ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಆಗಲೂ ಬಹುಮಾನ ಫರೀದಾಳಿಗೇ ಹೋಗುತ್ತಿತ್ತು.

ನೀಲಾಂಬಿಕಾಳಿಗೆ ತನ್ನದೆಂದು ಇದ್ದದ್ದು ಬುಧವಾರದ ಸಭೆ. ಪಾಲಿಕೆ, ವಿದ್ಯುತ್ ಕಂಪನಿ, ಬಸ್ ನಿಗಮ, ಆಸ್ಪತ್ರೆ ಎಲ್ಲರನ್ನೂ ಒಂದೇ ಮೇಜಿಗೆ ಕರೆತಂದು, ಯಾರು ಎಲ್ಲಿ ಯಾವಾಗ ಅಗೆಯಬೇಕೆಂದು ಒಪ್ಪಿಸುವ ಸಭೆ. ಚಹಾ ಕುಡಿಸಿ, ಜಗಳ ಬಿಡಿಸಿ, ಮುನಿಸಿಕೊಂಡವರ ಮನೆಗೆ ಹೋಗಿ ಕರೆದು ಅದನ್ನು ಕಟ್ಟಿದ್ದಳು.

"ಇನ್ನ ನಿಮ್ಮ ಸಭಾಕ್ಕ ರಜಾ ಕೊಡ್ರಿ ಮೇಡಂ," ಎಂದರು ಪಾಲಿಕೆಯ ಆಯುಕ್ತರು ನಗುತ್ತ. "ಯಾರು ಬೇಕಾದ್ರೂ ಅಗೀಲಿ, ರಸ್ತಾ ತಾನs ಮಾಯ್ತೈತಿ."

ಬುಧವಾರದ ಸಭೆ ನಿಂತಿತು. ಅಂದಿನಿಂದ ನೀಲಾಂಬಿಕಾಳಿಗೊಂದು ಹುಚ್ಚು ಹಿಡಿಯಿತು. ಎಲ್ಲಿ ಹೋದರೂ ಕಣ್ಣು ನೆಲದ ಮೇಲೆ. ಒಂದು ಬಿರುಕು ಕಂಡರೆ ಸಾಕು ಎಂದು ಹಂಬಲಿಸುತ್ತಿದ್ದಳು. ರಸ್ತೆ ಕನ್ನಡಿಯಂತಿತ್ತು. ಪತ್ರಿಕೆಯಲ್ಲಿ ಫರೀದಾಳ ಫೋಟೋ ಕಂಡ ದಿನ ತಟ್ಟೆಯನ್ನು ಹಾಗೆಯೇ ಸರಿಸಿ ಏಳುತ್ತಿದ್ದಳು.

ಒಂದು ಮುಂಜಾನೆ ವಿದ್ಯುತ್ ಕಂಪನಿಯ ಚನ್ನವೀರ ಫೋನ್ ಮಾಡಿದ. "ಮೇಡಂ, ಆಸ್ಪತ್ರಿ ರಸ್ತಾದಾಗ ಕೇಬಲ್ ಹಾಕಾಕತ್ತೀವ್ರಿ. ನಿಮ್ಮ ದೊಡ್ಡ ಪೈಪು ಎಷ್ಟು ಆಳದಾಗ ಐತ್ರಿ?"

ಆ ಪೈಪನ್ನು ಹಿಂದಿನ ವರ್ಷ ಹಳೆಯ ನಕ್ಷೆಯಲ್ಲಿರುವುದಕ್ಕಿಂತ ಮೇಲಕ್ಕೆತ್ತಿ ಕೂರಿಸಿದ್ದರು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ನನ್ನ ಯಾಕ ಕೇಳ್ತೀರಿ? ರಸ್ತಾ ಮಾಯಿಸೋ ನಿಮ್ಮ ಡಾಕ್ಟರಮ್ಮನ್ನ ಕೇಳ್ರಿ," ಎಂದು ಫೋನ್ ಇಟ್ಟಳು. ಇಟ್ಟ ಮೇಲೆ ಒಂದು ಬಗೆಯ ತಂಪು ಎನಿಸಿತು.

ಅಗೆಯುವ ಯಂತ್ರದ ಮೊನೆ ತಗುಲಿ ಪೈಪು ಬಿರುಕು ಬಿಟ್ಟಿದ್ದು ಯಾರಿಗೂ ತಿಳಿಯಲಿಲ್ಲ; ಗುಂಡಿ ಮುಚ್ಚಿದ ಮೇಲೆ ಅದು ಬಾಯಿಬಿಟ್ಟಿತು. ಹಿಂದಾಗಿದ್ದರೆ ನೀರು ರಸ್ತೆಗೆ ಉಕ್ಕಿ, ದಾರಿಹೋಕರೇ ಸುದ್ದಿ ಮುಟ್ಟಿಸುತ್ತಿದ್ದರು. ಈಗ ತೇವ ತಗುಲಿದಷ್ಟೂ ರಸ್ತೆ ಗಟ್ಟಿಯಾಗುತ್ತ, ನೀರನ್ನು ಒಳಗೇ ಅದುಮಿತು. ಆಸ್ಪತ್ರೆಗೆ ನೀರು ಹೋಗುತ್ತಿದ್ದದ್ದು ಅದೇ ಪೈಪಿನಿಂದ. ಮೂತ್ರಪಿಂಡದ ರೋಗಿಗಳ ರಕ್ತ ಶುದ್ಧಿ ಮಾಡುವ ಡಯಾಲಿಸಿಸ್ ಯಂತ್ರಗಳಿಗೆ ನೀರು ವಿಪರೀತ ಬೇಕು. ಒಂದೊಂದಾಗಿ ಅವು ನಿಂತವು.

ನೀಲಾಂಬಿಕಾ ಓಡೋಡಿ ಬಂದಾಗ ರೋಗಿಗಳನ್ನು ಬಸ್ ನಿಗಮದ ಬಸ್ಸುಗಳಲ್ಲಿ ಬೇರೆ ಊರಿಗೆ ಸಾಗಿಸುತ್ತಿದ್ದರು. ಸ್ಟ್ರೆಚರಿನ ಮೇಲಿದ್ದ ಮುದುಕಿಯೊಬ್ಬಳು ಅವಳ ಕೈ ಹಿಡಿದು, "ಯವ್ವಾ, ನೀರು ಬಂತೇನs?" ಎಂದಳು. ನೀಲಾಂಬಿಕಾ ಕೈ ಬಿಡಿಸಿಕೊಂಡು ರಸ್ತೆಗೆ ಓಡಿದಳು. ಪೈಪು ಇರುವ ಜಾಗ ತೋರಿಸಿ ಅಗೆಸಿದಳು. ಸಂಜೆಗೆ ನೀರು ಬಂತು. ಮುದುಕಿ ದಾರಿಯಲ್ಲೇ ತೀರಿಕೊಂಡಿದ್ದಳು.

ಮರುದಿನ ಪಾಲಿಕೆಯ ಸಭಾಂಗಣದಲ್ಲಿ ಎಲ್ಲರೂ ಸೇರಿದರು. ಫರೀದಾ ಎದ್ದು ನಿಂತು, "ತಪ್ಪು ನಂದು. ನೀರು ಮ್ಯಾಲ ಬರದಂಗ ಮಾಡಿದ್ದು ನನ್ನ ರಸ್ತಾ," ಎಂದಳು. ಎಷ್ಟೋ ದಿನದಿಂದ ನೀಲಾಂಬಿಕಾ ಕಾದಿದ್ದ ಗಳಿಗೆ ಅದು. ಆದರೆ ಸಭೆಯಲ್ಲಿದ್ದವರ ಕಣ್ಣಲ್ಲಿ ಫರೀದಾಳ ಬಗ್ಗೆ ಮೂಡಿದ್ದು ಗೌರವ. ಸೋಲಿನಲ್ಲೂ ಇವಳೇ ದೊಡ್ಡವಳಾದಳಲ್ಲ ಎಂದು ನೀಲಾಂಬಿಕಾಳ ಹೊಟ್ಟೆಯಲ್ಲಿ ಬೆಂಕಿ ಎದ್ದಿತು.

"ಕೂಡು ಫರೀದಾ," ಎಂದು ಅವಳೂ ಎದ್ದಳು. "ಚನ್ನವೀರ ನನ್ನ ಕೇಳಿದ್ರು. ಗೊತ್ತಿದ್ದೂ ಹೇಳಲಿಲ್ಲ ನಾನು."

ಪಶ್ಚಾತ್ತಾಪದಿಂದ ಹೇಳಿದಳೋ, ಗೆಳತಿಗೆ ಆ ದೊಡ್ಡತನವನ್ನೂ ಬಿಟ್ಟುಕೊಡಲಾರದೆ ಹೇಳಿದಳೋ, ಕೊನೆಯವರೆಗೂ ಅವಳಿಗೇ ತಿಳಿಯಲಿಲ್ಲ. ಮುಖ್ಯ ಎಂಜಿನಿಯರ್ ಹುದ್ದೆ ಹೋಯಿತು. ಬುಧವಾರದ ಸಭೆ ಮರಳಿ ಬಂತು. ಅದನ್ನು ನಡೆಸುವವರು ಈಗ ಬೇರೆಯವರು.

ಫರೀದಾ ಬ್ಯಾಕ್ಟೀರಿಯಾದ ತಳಿಯನ್ನೇ ಬದಲಿಸಿದಳು. ಈಗ ಅದು ಬರಿಯ ನೀರಿಗೆ ಏಳುವುದಿಲ್ಲ. ಒಂದು ದ್ರಾವಣ ಚಿಮುಕಿಸಿದರೆ ಮಾತ್ರ ಏಳುತ್ತದೆ. ಎಲ್ಲ ಸಂಸ್ಥೆಗಳ ಎಂಜಿನಿಯರುಗಳೂ ಗುಂಡಿಯ ಸುತ್ತ ನಿಂತು ಒಳಗೆ ಇಣುಕಿ ನೋಡುವವರೆಗೂ ಆ ದ್ರಾವಣ ಹೊರಬರುವುದಿಲ್ಲ. ಹೀಗಾಗಿ ಶಿರಗುಂಡಿಯ ಬೀದಿಗಳಲ್ಲಿ ಮತ್ತೆ ಬಾಯ್ದೆರೆದ ಗುಂಡಿಗಳು ಕಾಣತೊಡಗಿದವು. ಜನ ಬೈಯುತ್ತ ಸುತ್ತಿ ಬಳಸಿ ಹೋಗುತ್ತಾರೆ, ನಾವು ಇಂದು ನಮ್ಮ ಬೀದಿಗಳಲ್ಲಿ ಹೋಗುವ ಹಾಗೆಯೇ. ವ್ಯತ್ಯಾಸ ಇಷ್ಟೇ: ಅಲ್ಲಿ ಪ್ರತಿ ಗುಂಡಿಯ ಅಂಚಿನಲ್ಲೂ ನಾಲ್ಕಾರು ಮಂದಿ ನಿಂತು, ಕೆಳಗೆ ಏನಿದೆ ಎಂದು ಒಬ್ಬರನ್ನೊಬ್ಬರು ಕೇಳುತ್ತಿರುತ್ತಾರೆ.