ಮೂರನೇ ತಿರುವಿನಲ್ಲಿ ನಿಲ್ಲದ ಪಿಕಪ್

1964ರ ಜೂನ್ 23, ಮಂಗಳವಾರ. ಬೆಳಿಗ್ಗೆ ಹತ್ತೂಕಾಲಕ್ಕೆ ಪೈಲಿ ಕಡಬದ ಹೊರಠಾಣೆಗೆ ಬಂದು, ಒದ್ದೆ ಕೊಡೆಯನ್ನು ಬಾಗಿಲಿಗೆ ಒರಗಿಸಿ, ದೂರಿನ ಕಾಗದವನ್ನು ಸಬ್ ಇನ್ಸ್‌ಪೆಕ್ಟರ್ ಕುಶಾಲಪ್ಪನವರ ಮುಂದಿಟ್ಟರು. ಪೈಲಿ ಕೇರಳದಿಂದ ಬಂದು ನೆಲ್ಯಾಡಿ ಕಡೆಯ ಗುಡ್ಡದಲ್ಲಿ ರಬ್ಬರ್ ಹಾಕಿದವರು. ಅವರ ಪಿಕಪ್ಪಿನ ಹಿಂದಿನ ಚಕ್ರಗಳಿಗೆ ಕಟ್ಟುವ ಒಂದು ಜೊತೆ ಕಬ್ಬಿಣದ ಸರಪಳಿ ಕಳವಾಗಿತ್ತು.

"ಸರಪಳಿ ಇಲ್ಲದೆ ಗಾಡಿ ಹತ್ತುದಿಲ್ವಾ?"

"ಕೆಸರಲ್ಲಿ ಜಾರ್ತದೆ ಸಾರೇ. ರಬ್ಬರ್ ಸಸಿ ಎಲ್ಲ ಗುಡ್ಡದ ಬುಡದಲ್ಲಿ ಬಿದ್ದುಕೊಂಡುಂಟು."

"ಯಾರ ಮೇಲಾದರೂ ಅನುಮಾನ?"

"ಡ್ರೈವರ್ ಹೈದರ್. ಸರಪಳಿ ಗಾಡಿಯ ಪೆಟ್ಟಿಗೆಯಲ್ಲೇ ಉಂಟು ಅಂತ ಮೊನ್ನೆ ಹೇಳಿದ. ಆಮೇಲೆ ಕೇಳಿದ್ರೆ ಮರಕ್ಕೆ ನೇತುಹಾಕಿದ್ದೆ ಅಂತಾನೆ. ಅವನನ್ನು ಇನ್ನು ಇಟ್ಟುಕೊಳ್ಳುದಿಲ್ಲ. ಕಳ್ಳನನ್ನು ಬೇರೆ ಯಾರಾದ್ರೂ ಇಟ್ಟುಕೊಳ್ತಾರಾ?"

ಹತ್ತೂ ಮುಕ್ಕಾಲಕ್ಕೆ ಎಫ್‌.ಐ.ಆರ್. ದಾಖಲಾಯಿತು. ಹೆಡ್ ಕಾನ್‌ಸ್ಟೇಬಲ್ ಕಿಟ್ಟಣ್ಣ ಮುಂದಿನ ಬಸ್ಸಿಗೆ ಪುತ್ತೂರಿಗೆ ಹೋಗಿ ಗುಜರಿ ಅಂಗಡಿಗಳನ್ನೆಲ್ಲ ಕೇಳಿ ಸಂಜೆ ಬರಿಗೈಯಲ್ಲಿ ಬಂದರು.

ಹೈದರನನ್ನು ಠಾಣೆಯ ಬೆಂಚಿನಲ್ಲಿ ಕೂರಿಸಿದ್ದರು. ಮೂವತ್ತು ದಾಟಿದ ಬ್ಯಾರಿ, ಕರಾವಳಿಯ ಮುಸಲ್ಮಾನ. ಉಗುರಿನ ಸಂದಿನಲ್ಲಿ ಗ್ರೀಸು.

"ಮಾರಾಯ, ಒಂದು ಮಣ ಕಬ್ಬಿಣ ಹಾರಿ ಹೋಯ್ತಾ? ರೆಕ್ಕೆ ಇತ್ತಾ ಅದಕ್ಕೆ?" ಎಂದರು ಕಿಟ್ಟಣ್ಣ.

"ಡಾಮರು ರಸ್ತೆಯಲ್ಲಿ ಸರಪಳಿ ಕಟ್ಟಿಕೊಂಡು ಹೋಗ್ಲಿಕ್ಕಾಗುದಿಲ್ಲ, ಸವೆದು ತುಂಡಾಗ್ತದೆ. ಅದಕ್ಕೆ ಬಿಚ್ಚಿ ಗುಡ್ಡದ ಬುಡದ ಗೇರುಮರಕ್ಕೆ ಹಾಕಿದ್ದು. ವಾಪಸ್ ಬರುವಾಗ ಪುನಃ ಕಟ್ಟುದು."

"ಪೈಲಿಯವರಿಗೆ ಪೆಟ್ಟಿಗೆಯಲ್ಲಿ ಉಂಟು ಅಂತ ಯಾಕೆ ಹೇಳಿದಿ?" ಎಂದರು ಕುಶಾಲಪ್ಪ.

ಹೈದರ್ ತಲೆ ತಗ್ಗಿಸಿದ. "ಭಾನುವಾರ ಹಿಂದೆ ಹೆಂಗಸರು, ಮಕ್ಕಳು ಕೂರ್ತಾರೆ ಸಾರ್. ಇಗರ್ಜಿಗೆ ಹೋಗುವ ಬಿಳಿ ಬಟ್ಟೆ. ಆ ಕೆಸರು ಸರಪಳಿ ಅವರ ಕಾಲಬುಡದಲ್ಲಿ ಹಾಕುದು ಹೇಗೆ? ಆದ್ರೆ ಸಾವ್ಕಾರ್ರಿಗೆ ಸರಪಳಿ ಹೊರಗಿಟ್ರೆ ಆಗುದಿಲ್ಲ."

ಭಾನುವಾರ ಬೆಳಿಗ್ಗೆ ಏಳಕ್ಕೆ ನೇತುಹಾಕಿದ್ದ ಸರಪಳಿ ಹನ್ನೊಂದಕ್ಕೆ ಬಂದಾಗ ಇರಲಿಲ್ಲ. ಆ ನಾಲ್ಕು ಗಂಟೆ ಹೈದರ್ ಇಗರ್ಜಿಯ ಅಂಗಳದಲ್ಲಿ ಗಾಡಿ ತೊಳೆಯುತ್ತಿದ್ದುದನ್ನು ಊರೆಲ್ಲ ಕಂಡಿತ್ತು. ಪೈಲಿಯವರಂತೆ ಕೇರಳದಿಂದ ಬಂದು ಗುಡ್ಡದಲ್ಲಿ ನೆಲೆಸಿದ ಹನ್ನೆರಡು ಕ್ರೈಸ್ತ ಮನೆಯವರೂ ಇಗರ್ಜಿಯೊಳಗಿದ್ದರು. ಹಾಗಾದರೆ ಗುಡ್ಡದಲ್ಲಿ ಉಳಿದವರು ಯಾರು?

ಜೂನ್ 24, ಬೆಳಿಗ್ಗೆ ಒಂಬತ್ತೂವರೆ. ಇಬ್ಬರು ಪಂಚರ ಎದುರಿನಲ್ಲಿ ಗೇರುಮರದಡಿ ಸ್ಥಳ ಪಂಚನಾಮೆ ನಡೆಯಿತು. ಮಳೆಗೆ ಹೆಜ್ಜೆಗುರುತು ಅಳಿದುಹೋಗಿತ್ತು. ಪಕ್ಕದಲ್ಲಿ ಪಿಕಪ್ ನಿಂತಿತ್ತು; ಜೊತೆಗೆ ಕರೆತಂದಿದ್ದ ಹೈದರ್ ಅದರ ಬಳಿ ನಿಂತ. ಕುಶಾಲಪ್ಪ ಅದರ ಸುತ್ತ ಒಂದು ಸುತ್ತು ಬಂದರು.

"ಹೊಸದು ಎಂತೆಲ್ಲ ಹಾಕಿಸಿದ್ದು?"

"ಪುತ್ತೂರಿನ ಗ್ಯಾರೇಜಿನಲ್ಲಿ ಇಡೀ ಮೇ ತಿಂಗಳು ಇತ್ತು ಸಾರ್. ಗಾಡಿಯ ಅಡಿಭಾಗಕ್ಕೆ ಕಲ್ಲು ತಾಗದ ಹಾಗೆ ಸ್ಪ್ರಿಂಗ್ ಪಟ್ಟಿ ಏರಿಸಿದ್ದು, ದೊಡ್ಡ ರೇಡಿಯೇಟರ್, ಆಮೇಲೆ ಈ ಸರಪಳಿ. ಈಗ ಒಂದೇ ಉಸಿರಿಗೆ ಹತ್ತುತ್ತದೆ. ನಡುವೆ ನಿಲ್ಲಿಸಿದ್ರೇ ಜಾರುದು."

"ಮೊದಲು?"

"ಮೊದಲು ಮೂರನೇ ತಿರುವಿಗೆ ಮುಟ್ಟುವಾಗ ಕುದಿಯುತ್ತಿತ್ತು. ಅರ್ಧ ಗಂಟೆ ತಣಿಸಿ ನೀರು ಹಾಕುದು. ಅಲ್ಲಿ ಅಲೀಮಮ್ಮ ಅಂತ ಒಬ್ಬರಿದ್ದಾರೆ."

"ಅವರು ಭಾನುವಾರ ಎಲ್ಲಿಗೆ ಹೋಗ್ತಾರೆ?"

"ಅವರು ಎಲ್ಲಿಗೂ ಹೋಗುದಿಲ್ಲ ಸಾರ್," ಎಂದ ಹೈದರ್.

ನಡೆದು ಹತ್ತಿದರು. ಮೂರನೇ ತಿರುವಿನ ಗುಡಿಸಲು ಹಿಂದೆ ಮರ ಕಡಿಯುವ ಕೂಪಿನ ಕಾವಲುಗಾರನದಾಗಿತ್ತು. ಕೂಪು ಮುಚ್ಚಿತು, ಕಾವಲುಗಾರ ತೀರಿಹೋದ, ಹೆಂಡತಿ ಅಲ್ಲೇ ಉಳಿದಳು. ಮಕ್ಕಳಿರಲಿಲ್ಲ. ಜಗಲಿಯಲ್ಲಿ ಒಂದು ಮಣೆ ಗೋಡೆಗೆ ಒರಗಿತ್ತು, ಒಂದು ಹಾಸಿತ್ತು. ರಸ್ತೆಗೆ ಹತ್ತಿರದ ಕಲ್ಲಿನ ಮೇಲೆ ಒಂದು ಸೀಮೆಎಣ್ಣೆ ಡಬ್ಬದ ತುಂಬ ನೀರು. ಕಸ ಬೀಳದಂತೆ ಮೇಲೆ ಬಾಳೆಲೆ ಮುಚ್ಚಿ ಕಲ್ಲು ಇಟ್ಟಿದ್ದರು. ಎಲೆ ಅಂದೇ ಕೊಯ್ದದ್ದು.

ಸೂರಿನ ಕೆಳಗೆ ಹಗ್ಗದಲ್ಲಿ ತಲೆಗೆ ಹಾಕುವ ಬಿಳಿ ಬಟ್ಟೆ ಒಣಗುತ್ತಿತ್ತು. ತಿಕ್ಕಿ ತಿಕ್ಕಿ ನೂಲು ಸವೆದಿತ್ತು. ಆದರೂ ನಡುವೆ ತುಕ್ಕಿನ ಕಂದು ಉಂಗುರಗಳು, ಒಂದಕ್ಕೊಂದು ಕೊಂಡಿ ಹಾಕಿದಂತೆ ಸಾಲಾಗಿ ಉಳಿದಿದ್ದವು. ಕುಶಾಲಪ್ಪ ಸ್ವಲ್ಪ ಹೊತ್ತು ಅದನ್ನೇ ನೋಡಿದರು.

"ಅಲೀಮಮ್ಮ, ತಲೆಯಲ್ಲಿ ಎಂತ ಹೊತ್ತದ್ದು?"

"ಸೊಪ್ಪು."

"ಸೊಪ್ಪಿಗೆ ತುಕ್ಕು ಹಿಡಿಯುತ್ತದಾ?"

ಮುದುಕಿ ಪೊಲೀಸರ ಹಿಂದೆ ನಿಂತ ಹೈದರನನ್ನು ನೋಡಿದಳು. "ಇವನನ್ನು ಯಾಕೆ ಕರೆದುಕೊಂಡು ಬಂದದ್ದು?"

"ಸರಪಳಿ ಕದ್ದದ್ದು ಇವನೇ ಅಂತ ದೂರು ಉಂಟು. ಕೆಲಸ ಹೋಗ್ತದೆ. ಜೈಲೂ ಆಗಬಹುದು."

"ಯಾ ಅಲ್ಲಾ!" ಅವಳು ಜಗಲಿಯ ಕಂಬ ಹಿಡಿದುಕೊಂಡಳು. "ಇವನಿಗೆ ಬಯ್ತಾರೆ ಅಂತ ನಾನು ಎಣಿಸ್ಲೇ ಇಲ್ಲ. ಒಳಗೆ ಬನ್ನಿ."

ಭತ್ತದ ಪೆಟ್ಟಿಗೆಯಲ್ಲಿ, ಗೋಣಿಯ ಕೆಳಗೆ ಸರಪಳಿಗಳಿದ್ದವು. ಕೆಸರು ತೊಳೆದು, ಒರೆಸಿ, ಕೊಂಡಿ ಕೊಂಡಿಗೂ ತೆಂಗಿನೆಣ್ಣೆ ಸವರಿತ್ತು.

"ಎಣ್ಣೆ ಯಾಕೆ?" ಕಿಟ್ಟಣ್ಣನಿಗೆ ಕೇಳದಿರಲಾಗಲಿಲ್ಲ.

"ಇವನೇ ಹೇಳುದು, ಎಣ್ಣೆ ಇಲ್ಲದಿದ್ರೆ ಕಬ್ಬಿಣ ಸಾಯ್ತದೆ ಅಂತ. ಹಾಳಾಗ್ಬಾರ್ದಲ್ಲ."

"ಒಬ್ಬರೇ ಹೊತ್ತದ್ದಾ?"

"ಎರಡು ಸಲ. ನಡುವೆ ಕೂತು ಕೂತು."

ಹನ್ನೆರಡೂಕಾಲಕ್ಕೆ ಜಪ್ತಿ ಪಂಚನಾಮೆ ಮುಗಿಯಿತು. ಅಲೀಮಮ್ಮ ಹೆಬ್ಬೆಟ್ಟು ಒತ್ತಿದಳು. ಸುದ್ದಿ ಕೇಳಿ ಮೇಲಿನಿಂದ ಇಳಿದು ಬಂದ ಪೈಲಿಯೂ ಅವರ ಹೆಂಡತಿ ಅನ್ನಕುಟ್ಟಿಯೂ ಅಂಗಳದಲ್ಲಿ ನಿಂತಿದ್ದರು. ಪೈಲಿ ಹೈದರನ ಮುಖ ನೋಡಲಾರದೆ ಕೊಡೆಯ ಕಾವನ್ನು ತಿರುಗಿಸುತ್ತಿದ್ದರು.

"ಸಾರೇ, ದೂರು ವಾಪಸ್ ತೆಗೆದ್ರೆ?"

"ಅದು ಇನ್ನು ಕೋರ್ಟಿನಲ್ಲಿ ಹೇಳಬೇಕು. ಸರಪಳಿಗೂ ಅಲ್ಲೇ ಅರ್ಜಿ ಕೊಡಿ. ಜಾಮೀನಿಗೆ ಒಬ್ಬರು ಬೇಕಾಗ್ತದೆ."

"ನಾನೇ ನಿಲ್ತೇನೆ," ಎಂದರು ಪೈಲಿ.

ಕುಶಾಲಪ್ಪ ಅಲೀಮಮ್ಮನ ದಸ್ತಗಿರಿಯ ಹೊತ್ತು ಹನ್ನೆರಡೂವರೆ ಎಂದು ಬರೆದುಕೊಂಡರು. ಹೆಂಗಸೊಬ್ಬರು ಜೊತೆಗಿರಬೇಕೆಂದು ಅನ್ನಕುಟ್ಟಿಯನ್ನು ಕರೆದರು. ಅಲೀಮಮ್ಮ ಒಲೆಗೆ ನೀರು ಚಿಮುಕಿಸಿ, ಬಾಗಿಲೆಳೆದು, ಅಭ್ಯಾಸದಂತೆ ಕಲ್ಲಿನ ಮೇಲಿನ ಡಬ್ಬವನ್ನು ಸೊಂಟಕ್ಕೇರಿಸಿಕೊಂಡಳು. ಯಾರೂ ಬೇಡವೆನ್ನಲಿಲ್ಲ.

ಇಳಿಯುವಾಗ ಕುಶಾಲಪ್ಪ ಕೇಳಿದರು, "ಸರಪಳಿಯಿಂದ ನಿಮಗೆ ಎಂತ ತೊಂದರೆ ಆಯ್ತು?"

"ಅದು ಬಂದ ಮೇಲೆ ಇವನು ಹಾರ್ನ್ ಹೊಡೆದು ಹೋಗ್ತಾನೆ. ಮೊದಲು ಜಗಲಿಯಲ್ಲಿ ಕೂರ್ತಿದ್ದ. ಗಾಡಿಯ ಕತೆ ಹೇಳ್ತಿದ್ದ, ನಮ್ಮ ಬ್ಯಾರಿ ಮಾತಲ್ಲಿ. ಮೇಲೆ ಎಲ್ಲ ಒಳ್ಳೆಯವರೇ, ಆದ್ರೆ ಅವರ ಮಾತು ಮಲಯಾಳ. ಈ ತಿಂಗಳು ನಾನು ಬಾಯಿ ಬಿಟ್ಟದ್ದು ನಮಾಜಿಗೆ ಮಾತ್ರ." ಸ್ವಲ್ಪ ನಡೆದು ಮತ್ತೆ ಹೇಳಿದಳು, "ಕೆಸರಲ್ಲಿ ಜಾರಿದ್ರೆ ನಿಲ್ತಾನಲ್ಲ ಅಂತ ಎಣಿಸಿದೆ."

ಹಾರ್ನ್ ಹೊಡೆದಾಗಲೆಲ್ಲ ಅವಳು ಜಗಲಿಗೆ ಬರುತ್ತಿದ್ದಳೆಂದು ಹೈದರನಿಗೆ ತಿಳಿದಿರಲಿಲ್ಲ. ಏರಿನಲ್ಲಿ ಅವನ ಕಣ್ಣು ರಸ್ತೆಯ ಮೇಲಿರುತ್ತಿತ್ತು.

ಗೇರುಮರದಡಿ ಪಿಕಪ್ ಬೆಳಿಗ್ಗೆಯಿಂದ ನಿಂತಲ್ಲೇ ಇತ್ತು. ಪುತ್ತೂರಿಗೆ ಅದರಲ್ಲೇ ಹೋಗುವುದೆಂದಾಯಿತು. ಕುಶಾಲಪ್ಪ ಮುಂದಿನ ಸೀಟಿನ ಬಾಗಿಲು ತೆರೆದು ಅಲೀಮಮ್ಮನಿಗೆ ಹತ್ತಲು ಹೇಳಿದರು. ಹೈದರ್ ಬಾನೆಟ್ ಎತ್ತಿದ.

"ಸಾರ್, ಎಂಜಿನ್ ಕಾದುಂಟು. ಸ್ವಲ್ಪ ತಣಿಯಬೇಕು."

ಕಿಟ್ಟಣ್ಣ ಬಾಯಿ ತೆರೆದರು. ಕುಶಾಲಪ್ಪ ಅವರತ್ತ ನೋಡಿದ್ದಕ್ಕೆ ಮುಚ್ಚಿದರು.

"ಉಮ್ಮ, ನೀರು ತನ್ನಿ," ಎಂದ ಹೈದರ್, ಅಮ್ಮನನ್ನು ಕರೆದಂತೆ.

ಅವಳು ಎಲೆ ಸರಿಸಿ ಡಬ್ಬ ಕೊಟ್ಟಳು. ಮೊದಲೇ ತುಂಬಿದ್ದ ರೇಡಿಯೇಟರ್ ಉಕ್ಕಿ ನೀರು ಮಣ್ಣಿಗಿಳಿಯಿತು. ಆಮೇಲೆ ಇಬ್ಬರೂ ಮರದ ಬೇರಿನ ಮೇಲೆ ಕೂತರು. ಅವನು ಏನೋ ಹೇಳಿದ; ಅವಳು ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಕ್ಕಳು.

ಕುಶಾಲಪ್ಪ ತುಸು ದೂರ ಹೋಗಿ ಡೈರಿಯಲ್ಲಿ ಬರೆದರು: ಮಧ್ಯಾಹ್ನ ಒಂದೂ ಹತ್ತರಿಂದ ಒಂದೂ ನಲವತ್ತು, ಎಂಜಿನ್ ಕಾದದ್ದರಿಂದ ನಿಲುಗಡೆ.